ಜಾಮ್ ಆದ ಮುಂದಿನ ಬ್ರೇಕ್, ಒಂದು ಮೂಟೆ ಅಕ್ಕಿ, ಎರಡೂವರೆ ದಿನ

ಮೊದಲು ಹೇಳಿದ್ದು ಅಮ್ಮ. ಮಳೆಗಾಲದಲ್ಲಿ ನಮ್ಮನೆ ಬಟ್ಟೆ ಒಣಗುವುದು ಶೆಡ್ಡಿನೊಳಗೆ, ಬೈಕ್ ನಿಲ್ಲುವ ಜಾಗದಲ್ಲೇ. ಹಗ್ಗ ಕಟ್ಟಬೇಕಾದರೆ ಬೈಕನ್ನು ಸ್ವಲ್ಪ ಆಚೆ ದೂಡಬೇಕು. "ನಿನ್ನ ಬೈಕ್ ಎಂತಕ್ಕೆ ಇಷ್ಟ್ ಭಾರ ಆಯ್ತ್?" ಅಂತ ತಿಂಗಳ ಹಿಂದೆಯೇ ಕೇಳಿದ್ದಳು. ಟಯರಲ್ಲಿ ಗಾಳಿ ಕಮ್ಮಿ ಇರಬೇಕು ಅಂದೆ. ಗಾಳಿ ಹಾಕಿಸಿದೆ. ಅಲ್ಲಿಗೆ ಮರೆತೂಬಿಟ್ಟೆ.

ಚೌತಿ ಮುಗಿದ ಮಾರನೇ ವಾರ, ಶುಕ್ರವಾರ ರಾತ್ರಿ ಬೈಂದೂರಿನಿಂದ ಕುಂದಾಪುರಕ್ಕೆ ಬರುತ್ತಿದ್ದೆ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ಹೈವೇ. ಅಲ್ಲಿ ಗಾಳಿಗೆ ಬೈಕ್ ಎಳೆಯದೇ ಇರುವುದು ಹೊಸದೇನಲ್ಲ. ಹಾಗಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ತ್ರಾಸಿ ದಾಟಿದ ಮೇಲೆ ಎದುರಿಗೆ ದನ ಬಂತು. ಮುಂದಿನ ಬ್ರೇಕ್ ಹಿಡಿದೆ. ಲಿವರ್ ಬೆಣ್ಣೆಯ ಹಾಗೆ ಹ್ಯಾಂಡಲ್ ತನಕ ಹೋಯಿತು. ಹಿಂದಿನ ಬ್ರೇಕೂ ದನದ ನಿಧಾನ ಬುದ್ಧಿಯೂ ಸೇರಿ ನನ್ನನ್ನು ಉಳಿಸಿದವು.

ಹೆಮ್ಮಾಡಿಯಲ್ಲಿ ಅಂಗಡಿಯ ಮಾಡಿನ ಕೆಳಗೆ ನಿಲ್ಲಿಸಿ ನೋಡಿದೆ. ಮಾಡಿನಿಂದ ಬೀಳುವ ಹನಿ ಮುಂದಿನ ಡಿಸ್ಕಿನ ಮೇಲೆ ಬಿದ್ದ ಕೂಡಲೇ ಚುಂಯ್ ಅನ್ನುತ್ತಿತ್ತು, ಕಾದ ದೋಸೆ ಕಾವಲಿ ಥರ. ಬ್ರೇಕ್ ಬಿಟ್ಟ ಮೇಲೂ ಪ್ಯಾಡ್, ಅಂದರೆ ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಬಿಲ್ಲೆ, ಅದನ್ನು ಬಿಡುತ್ತಿರಲಿಲ್ಲ. ಇಪ್ಪತ್ತು ಕಿಲೋಮೀಟರಿನ ಮೇಲೆ ಉಜ್ಜಿಕೊಂಡೇ ಬಂದಿದ್ದೆ ಅಂತಾಯಿತು. ಆ ಬಿಸಿ ಕ್ಯಾಲಿಪರಿಗೆ (ಪ್ಯಾಡುಗಳನ್ನು ಹಿಡಿದು ಡಿಸ್ಕಿಗೆ ಒತ್ತುವ ಚಿಮಟದಂಥ ಭಾಗ) ಹತ್ತಿ ಒಳಗಿನ ಬ್ರೇಕ್ ಆಯಿಲ್ ಕುದಿದಿದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ 230 ಡಿಗ್ರಿ ತನಕ ತಡೆಯಬೇಕು. ಆದರೆ ಈ ಆಯಿಲ್ ಗಾಳಿಯ ತೇವವನ್ನು ಕುಡಿಯುತ್ತಾ ಹೋಗುತ್ತದೆ. ಸಾಕಷ್ಟು ನೀರು ಕುಡಿದ ಮೇಲೆ ಅದೇ ಆಯಿಲ್ 155 ಡಿಗ್ರಿಗೇ ಕುದಿಯಬಹುದು. ಕುದಿದರೆ ಆವಿ. ಆವಿಯನ್ನು ಹಿಂಡಬಹುದು, ಎಣ್ಣೆಯನ್ನು ಹಿಂಡಲಾಗದು. ಅದಕ್ಕೇ ಲಿವರ್ ಬೆಣ್ಣೆ ಆದದ್ದು. ಅರ್ಧ ಗಂಟೆ ಕೂತು, ಎರಡು ಚಾ ಕುಡಿದು, ಡಿಸ್ಕ್ ತಣಿದ ಮೇಲೆ ಹಿಂದಿನ ಬ್ರೇಕ್ ನಂಬಿಕೊಂಡು ನಿಧಾನಕ್ಕೆ ಮನೆ ಸೇರಿದೆ.

ಬೈಕಿಗೆ ಹದಿಮೂರು ವರ್ಷ. 150 ಸಿಸಿ, ಮುಂದೆ ಡಿಸ್ಕ್, ಹಿಂದೆ ಡ್ರಮ್. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕಿಗೆಲ್ಲ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ ಆಯಿತಲ್ಲ, ಇದು ಅದಕ್ಕೂ ಹಿಂದಿನದು. ಮನೆಯಲ್ಲಿ ಬಿಚ್ಚಲು ಇದೇ ಸುಲಭ. ಎಬಿಎಸ್ ಇರುವ ಬೈಕಾದರೆ ಆಯಿಲ್ ತೆಗೆಯುವ ಕೆಲಸಕ್ಕೆ ಕೈ ಹಾಕುವ ಮುಂಚೆ ಮ್ಯಾನ್ಯುಯಲ್ ನೋಡಿ.

ಶನಿವಾರ ಬೆಳಗ್ಗೆ: ಎಲ್ಲಿ ಹಿಡಿದಿದೆ?

ಗ್ಯಾರೇಜಿಗೆ ಫೋನ್ ಮಾಡಿದರೆ ನೋಡದೆಯೇ "ಕ್ಯಾಲಿಪರ್ ಚೇಂಜ್ ಮಾಡ್ಬೇಕು" ಅಂದರು. ಮೂರು ಸಾವಿರದ ಮೇಲೆ. ಇರಬಹುದು. ಆದರೆ ಬಿಚ್ಚಿ ನೋಡದೆ ಮೂರು ಸಾವಿರ ಕೊಡುವ ಮನಸ್ಸಾಗಲಿಲ್ಲ.

ಮೇನ್ ಸ್ಟ್ಯಾಂಡ್ ಹಾಕಿದರೆ ನನ್ನ ಬೈಕಿನ ಮುಂದಿನ ಚಕ್ರ ನೆಲದಲ್ಲೇ ಇರುತ್ತದೆ. ಹಿಂದೆ ಭಾರ ಹಾಕಿದರೆ ಮುಂದೆ ಏಳುತ್ತದೆ. ಕೈಗೆ ಸಿಕ್ಕಿದ್ದು 25 ಕಿಲೋ ಕುಚ್ಚಲಕ್ಕಿ ಮೂಟೆ. ಹಿಂದಿನ ಸೀಟಿನ ಮೇಲಿಟ್ಟು ಹಗ್ಗದಲ್ಲಿ ಬಿಗಿದೆ. ಅಮ್ಮ ಏನೂ ಹೇಳಲಿಲ್ಲ, ಮಧ್ಯಾಹ್ನಕ್ಕೆ ಬೇಕಾದ ಎರಡು ಸೇರು ಮೊದಲೇ ಅಳೆದುಕೊಂಡಳು.

ಚಕ್ರ ತಿರುಗಿಸಿದೆ. ಕಾಲು ಸುತ್ತೂ ಹೋಗಲಿಲ್ಲ. ಈಗ ಮುಖ್ಯ ಪ್ರಶ್ನೆ. ಒತ್ತಡ ಮೇಲೆ, ಹ್ಯಾಂಡಲಿನಲ್ಲಿ ಲಿವರ್ ಒತ್ತುವ ಮಾಸ್ಟರ್ ಸಿಲಿಂಡರಿನಲ್ಲಿ ಸಿಕ್ಕಿಕೊಂಡಿದೆಯಾ, ಇಲ್ಲಾ ಕೆಳಗೆ ಕ್ಯಾಲಿಪರೇ ಹಿಡಿದಿದೆಯಾ? ಮಾಸ್ಟರ್ ಸಿಲಿಂಡರಿನಲ್ಲಿ ಆಯಿಲ್ ಡಬ್ಬಕ್ಕೆ ವಾಪಸ್ ಹೋಗಲು ಸೂಜಿ ಮೊನೆಯಷ್ಟು ಸಣ್ಣ ತೂತು ಇರುತ್ತದೆ. ಅದಕ್ಕೆ ಕಸ ಕೂತರೂ ಬ್ರೇಕ್ ಬಿಡುವುದಿಲ್ಲ. ಸುಮ್ನೆ ಕ್ಯಾಲಿಪರ್ ಬಿಚ್ಚಿ ಒದ್ದಾಡುವವರು ಇದನ್ನು ನೋಡುವುದೇ ಇಲ್ಲ. ಪರೀಕ್ಷೆ ಒಂದು ನಿಮಿಷದ್ದು. ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ಲಿಗೆ (ಗಾಳಿ, ಆಯಿಲ್ ಹೊರಬಿಡುವ ಸಣ್ಣ ಸ್ಕ್ರೂ) ಪೈಪ್ ಸಿಕ್ಕಿಸಿ, 8ರ ಸ್ಪ್ಯಾನರಿನಲ್ಲಿ ಕಾಲು ಸುತ್ತು ಬಿಡಿಸಿ. ನಾಲ್ಕು ಹನಿ ಬಂದು ಚಕ್ರ ಸಡಿಲವಾದರೆ ತೊಂದರೆ ಮೇಲಿನದು. ಆಗದಿದ್ದರೆ ಕೆಳಗಿನದು.

ಆ ನಿಪ್ಪಲ್ ಒಳಗೆ ಟೊಳ್ಳು. ತುಕ್ಕು ಹಿಡಿದಿದ್ದರೆ ಕಡ್ಡಿಯ ಹಾಗೆ ಮುರಿಯುತ್ತದೆ. ಆರು ಮೂಲೆಯ ಸಾಕೆಟ್ ಹಾಕಿ, ಮೊದಲು ಒಂದು ಕೂದಲಿನಷ್ಟು ಬಿಗಿ ಮಾಡಿ, ಆಮೇಲೆ ಬಿಚ್ಚಿದೆ. ಕಿರ್ ಅಂತ ಸದ್ದು ಬಂದು ಬಿಟ್ಟುಕೊಂಡಿತು. ಚಹಾದ ಬಣ್ಣದ ಆಯಿಲ್ ಬಂತು. ಚಕ್ರ ಅಲ್ಲಾಡಲಿಲ್ಲ. ಸರಿ, ಕ್ಯಾಲಿಪರೇ. ಕೈಯಲ್ಲಿ ಹಿಡಿದು ಆಚೀಚೆ ಅಲ್ಲಾಡಿಸಿ ನೋಡಿದೆ. ಇದು ಜಾರುವ ಥರದ ಕ್ಯಾಲಿಪರ್. ಆಯಿಲ್ ನೂಕುವ ಎರಡು ಪಿಸ್ಟನ್ನೂ ಒಂದೇ ಬದಿಯಲ್ಲಿ. ಅವು ಒಂದು ಪ್ಯಾಡನ್ನು ಒತ್ತಿದಾಗ ಇಡೀ ಕ್ಯಾಲಿಪರ್ ಎರಡು ಪಿನ್ನಿನ ಮೇಲೆ ಹಿಂದಕ್ಕೆ ಜಾರಿ, ಆಚೆ ಬದಿಯ ಪ್ಯಾಡನ್ನು ಎಳೆದುಕೊಳ್ಳಬೇಕು. ಕೈಯಲ್ಲಿ ಒಂದೆರಡು ಮಿಲಿಮೀಟರ್ ಆದರೂ ಜಾರಬೇಕಿತ್ತು. ಬಂಡೆಯ ಹಾಗೆ ಕೂತಿತ್ತು.

ಪ್ಯಾಡ್ ಪಿನ್ನಿನ ಜೊತೆ ಕುಸ್ತಿ

ಇಲ್ಲಿ ನನ್ನದೊಂದು ತಪ್ಪು. ಉತ್ಸಾಹದಲ್ಲಿ ಕ್ಯಾಲಿಪರಿನ ಎರಡು ದೊಡ್ಡ ಬೋಲ್ಟ್ ಬಿಚ್ಚಿ, ಹಳೇ ಪ್ಯಾಡಿನ ನಡುವೆ ದೊಡ್ಡ ಸ್ಕ್ರೂ ಡ್ರೈವರ್ ತೂರಿಸಿ ಸಂದಿ ಮಾಡಿ, ಡಿಸ್ಕಿನಿಂದ ಎಳೆದು ತೆಗೆದೆ. ಪ್ಯಾಡ್ ಹೇಗೂ ಬಿಸಾಡುವುದು, ಗೀರಿದರೂ ಚಿಂತೆ ಇರಲಿಲ್ಲ. ಆಮೇಲೆ ಪ್ಯಾಡ್ ಹಿಡಿದಿರುವ ಪಿನ್ ಬಿಚ್ಚಲು ಹೋದೆ. ಕ್ಯಾಲಿಪರ್ ಕೈಯಲ್ಲಿ ತಿರುಗುತ್ತದೆ, ಪಿನ್ ತಿರುಗುವುದಿಲ್ಲ. ಬಿಗಿ ಇರುವುದನ್ನೆಲ್ಲ ಕ್ಯಾಲಿಪರ್ ಫೋರ್ಕಿನಲ್ಲಿ (ಮುಂದಿನ ಚಕ್ರ ಹಿಡಿದಿರುವ ಕಾಲು) ಇರುವಾಗಲೇ ಸಡಿಲ ಮಾಡಿಕೊಳ್ಳಬೇಕು. ಪುನಃ ಫೋರ್ಕಿಗೆ ಬೋಲ್ಟ್ ಹಾಕಿ ಬಿಗಿದೆ.

ಪ್ಯಾಡ್ ಪಿನ್ ಎರಡು. 5ರ ಅಲೆನ್ ಕೀ ಹೋಗುವ ತಲೆ. ಒಂದು ಬಂತು. ಎರಡನೆಯದರಲ್ಲಿ ಕೀ ಪುಸಕ್ ಅಂತ ತಿರುಗಿತು. ಆ ಸದ್ದು ಕೇಳಿದವರಿಗೆ ಗೊತ್ತು, ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಗುತ್ತದೆ. ಟಾರ್ಚ್ ಬಿಟ್ಟು ನೋಡಿದೆ. ಆರು ಮೂಲೆ ಇರಬೇಕಾದಲ್ಲಿ ದುಂಡು ಬಾವಿ. ತಳದಲ್ಲಿ ಗಟ್ಟಿ ಕೆಸರು. ನನ್ನ ಕೀ ಪೂರ್ತಿ ಒಳಗೆ ಇಳಿದೇ ಇರಲಿಲ್ಲ! ಮೊದಲೇ ಸೂಜಿಯಲ್ಲಿ ಆ ಕೆಸರು ಕೆರೆದು ತೆಗೆದಿದ್ದರೆ ಇಷ್ಟು ಆಗುತ್ತಿರಲಿಲ್ಲವೋ ಏನೋ.

ಅಷ್ಟರಲ್ಲಿ ಪಕ್ಕದ ಮನೆ ಅಣ್ಣ ಬಂದರು. ಗಂಗೊಳ್ಳಿಯಲ್ಲಿ ಬೋಟಿನ ಇಂಜಿನ್ ಬಿಚ್ಚಿ ಬಿಚ್ಚಿ ಬೆರಳೇ ಸ್ಪ್ಯಾನರ್ ಆದವರು. ನಾನು ಸುತ್ತಿಗೆ ಎತ್ತಿದ್ದು ನೋಡಿ, "ಹೋಯ್, ಹೊಡಿಬೇಡ ಮಾರಾಯ. ಉಪ್ಪು ಹಿಡಿದದ್ದು ಪೆಟ್ಟಿಗೆ ಬಗ್ಗುದಿಲ್ಲ, ಬಿಸಿಗೆ ಬಗ್ತದೆ" ಅಂದರು.

ಗ್ಯಾಸ್ ಟಾರ್ಚ್ ತರಲು ಹೊರಟೆ. ಬೇಡ ಅಂದರು. ಒಳಗೆ ಬ್ರೇಕ್ ಆಯಿಲ್ ಇದೆ, ಬೆಂಕಿ ಯಾಕೆ, ಕುದಿಯುವ ನೀರು ಸಾಕು. ಬಚ್ಚಲ ಹಂಡೆಯ ನೀರು ಸಾಲದು, ಒಲೆಯಿಂದ ಇಳಿಸಿದ ಕೂಡಲೇ ಹೊಯ್ಯಬೇಕು. ಲೆಕ್ಕ ಹಾಕಿದರೆ ತಮಾಷೆ ಅನಿಸುತ್ತದೆ. ಕ್ಯಾಲಿಪರ್ ಅಲ್ಯೂಮಿನಿಯಂ, ಪಿನ್ ಉಕ್ಕು. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 8 ಮಿಲಿಮೀಟರ್ ತೂತಿನಲ್ಲಿ 70 ಡಿಗ್ರಿ ಬಿಸಿ ಏರಿದರೆ ಸಿಗುವ ಸಂದಿ ಒಂದು ಮಿಲಿಮೀಟರಿನ ಸಾವಿರದಲ್ಲಿ ಆರು ಭಾಗ. ಅಷ್ಟೇ. ಆದರೆ ಒಳಗೆ ಹಿಡಿದಿರುವ ಬಿಳಿ ತುಕ್ಕಿನ ಪದರ ಒಡೆಯಲು ಅಷ್ಟು ಸಾಕು. ಕಾಯಿಸು, ತಣಿಸು, ಮತ್ತೆ ಕಾಯಿಸು. ತಣಿಯುವಾಗ ಸಂದಿಗೆ ಹಾಕಿದ ಎಣ್ಣೆಯೂ ಒಳಗೆ ಇಳಿಯುತ್ತದೆ.

ಎಣ್ಣೆ ಅಂದರೆ ನಾನು ಬಳಸಿದ್ದು ಡಬ್ಲ್ಯೂಡಿ-40. ಇದನ್ನು ಅಮೆರಿಕದಲ್ಲಿ 1953ರಲ್ಲಿ ಮಾಡಿದ್ದು ನೀರನ್ನು ದೂರ ಇಡಲು. ನಲವತ್ತನೇ ಸಲ ಕೂಡಿ ಬಂತು ಅಂತ ಹೆಸರಲ್ಲೇ 40. ಒಂದು ಎಚ್ಚರಿಕೆ. ಇಂಥ ಎಣ್ಣೆ ಬ್ರೇಕಿನ ರಬ್ಬರಿಗೆ ಶತ್ರು, ಪ್ಯಾಡಿಗೆ ಮಹಾಶತ್ರು. ನಾನು ಧಾರಾಳವಾಗಿ ಹೊಡೆದದ್ದು ಪ್ಯಾಡ್, ರಬ್ಬರ್ ಸೀಲ್ ಎಲ್ಲ ಹೊಸದು ಹಾಕುವುದು ಅಂತ ತೀರ್ಮಾನ ಆದ ಮೇಲೆ. ಡಿಸ್ಕಿಗೆ ಪ್ಲಾಸ್ಟಿಕ್ ಸುತ್ತಿದ್ದೆ.

ಮೂರು ಸಲ ನೀರು ಹೊಯ್ದಾಯಿತು. ಈಗ ದುಂಡಾದ ತಲೆಯನ್ನು ಹಿಡಿಯುವುದು ಹೇಗೆ? 5ರ ಅಲೆನ್ ತೂತಿಗೆ ನಕ್ಷತ್ರದಂಥ ಆರು ಹಲ್ಲಿನ ಟಿ30 ಟಾರ್ಕ್ಸ್ ಬಿಟ್ ಸುಲಭಕ್ಕೆ ಹೋಗುವುದಿಲ್ಲ, ಅದರ ಮೂಲೆಗಳು ಐದೂವರೆ ಮಿಲಿಮೀಟರ್ ಇರುತ್ತವೆ. ಹೋಗದಿರುವುದೇ ನಮಗೆ ಬೇಕಾದದ್ದು. ನೇರವಾಗಿ ಇಟ್ಟು, ಸಣ್ಣ ಸುತ್ತಿಗೆಯಲ್ಲಿ ಟಣ್ ಟಣ್ ಅಂತ ಹೊಡೆದೆ. ಹೊಡೆಯಬೇಡ ಅಂದ ಅಣ್ಣನೇ ಈಗ "ಹಾಂ, ಈಗ ಹೊಡಿ" ಅಂದರು. ಮೊದಲು ಸದ್ದು ಟೊಳ್ಳಾಗಿತ್ತು. ಏಳೆಂಟು ಪೆಟ್ಟಿಗೆ ಗಟ್ಟಿಯಾಯಿತು. ಬಿಟ್ಟಿನ ಆರು ಹಲ್ಲು ಉಕ್ಕಿನಲ್ಲಿ ತಮ್ಮ ದಾರಿ ತಾವೇ ಕೊರೆದುಕೊಂಡಿದ್ದವು. ರಾಟ್ಚೆಟ್ ಹಾಕಿ ಒತ್ತಿ ಹಿಡಿದು ತಿರುಗಿಸಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಟಕ್. ಪಿನ್ ಮುರಿಯಿತೋ ಬಿಟ್ಟಿತೋ ಗೊತ್ತಾಗದ ಟಕ್. ಬಿಟ್ಟಿತ್ತು. ಥ್ರೆಡ್ಡಿನ ತುಂಬ ಬಿಳಿ ಹಿಟ್ಟು. ಹೊರಗೆ ಬಂದ ಪಿನ್ನಿನಿಂದ ಬಿಟ್ ಮಾತ್ರ ಇವತ್ತಿನ ತನಕ ಬಿಡಿಸಲಾಗಿಲ್ಲ. ಎರಡೂ ಒಟ್ಟಿಗೇ ಡಬ್ಬದಲ್ಲಿವೆ.

ಇದೂ ಆಗದಿದ್ದರೆ ಮುಂದಿನ ದಾರಿ ತಲೆಯ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿಸುವುದು. ಅದು ಮನೆ ಕೆಲಸ ಅಲ್ಲ.

ಹೊರಗೆ ಬಂದ ಪ್ಯಾಡ್ ನೋಡಿದರೆ ಕಥೆ ಗೊತ್ತಾಗುತ್ತದೆ. ಪಿಸ್ಟನ್ ಬದಿಯದು ಸವೆದು ತಗಡಿಗೆ ಬಂದಿತ್ತು. ಆಚೆಯದು ಅರ್ಧ ಉಳಿದಿತ್ತು. ಅದೂ ಸಮ ಅಲ್ಲ, ಒಂದು ತುದಿ ದಪ್ಪ, ಒಂದು ತುದಿ ತೆಳು, ಮರ ಸೀಳುವ ಬೆಣೆಯ ಹಾಗೆ. ಜಾರುವ ಪಿನ್ನುಗಳಲ್ಲಿ ಒಂದು ಹಿಡಿದಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹಾಗೇ ಇನ್ನೊಂದು ಮಾತು, ಪ್ಯಾಡಿನ ಧೂಳನ್ನು ಊದಬೇಡಿ. ಹಳೇ ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇದ್ದ ಕಾಲವೂ ಉಂಟು. ಮೂಗಿಗೆ ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಶನಿವಾರ ಮಧ್ಯಾಹ್ನ: ಪಿಸ್ಟನ್

ಪಿಸ್ಟನ್ ತೆಗೆಯುವಾಗ ಎಲ್ಲರಿಗೂ ಮೊದಲು ನೆನಪಾಗುವುದು ಪಂಕ್ಚರ್ ಅಂಗಡಿಯ ಗಾಳಿ. ಬೇಡ. ಗಾಳಿಗೆ ಎರಡು ದೋಷ. ಒಂದು, ಬಂದರೆ ಗುಂಡಿನ ಹಾಗೆ ಹಾರುತ್ತದೆ, ಬೆರಳು ಅಡ್ಡ ಇದ್ದರೆ ಜಜ್ಜಿ ಹೋಗುತ್ತದೆ. ಎರಡು, ಗಾಳಿಗೆ ಅಂಥ ಬಲವೂ ಇಲ್ಲ. ಕಂಪ್ರೆಸರಿನಲ್ಲಿ ಸೆಂಟಿಮೀಟರ್ ಚದರಕ್ಕೆ 8 ಕಿಲೋ ಒತ್ತಡ ಇದೆ ಅಂದುಕೊಳ್ಳಿ. 25 ಮಿಲಿಮೀಟರ್ ಪಿಸ್ಟನ್ನಿನ ಮೇಲೆ ಅದು 40 ಕಿಲೋದಷ್ಟು ನೂಕುತ್ತದೆ. ಅದೇ ಬೈಕಿನ ಲಿವರನ್ನು 20 ಕಿಲೋ ಬಲದಲ್ಲಿ ಹಿಂಡಿದರೆ? ಲಿವರಿನ ಸನ್ನೆ ಅದನ್ನು ಐದಾರು ಪಟ್ಟು ಮಾಡುತ್ತದೆ. ಮಾಸ್ಟರ್ ಸಿಲಿಂಡರಿನ ಅಗಲ ಅರ್ಧ ಇಂಚು. ಒತ್ತಡ ಚದರ ಸೆಂಟಿಮೀಟರಿಗೆ 80, 90 ಕಿಲೋ ದಾಟುತ್ತದೆ. ಪಿಸ್ಟನ್ನಿನ ಹಿಂದೆ 400 ಕಿಲೋದಷ್ಟು ಬಲ. ಅದೂ ಹಾರುವ ಬಲ ಅಲ್ಲ, ಮೆಲ್ಲಗೆ ನೂಕುವ ಬಲ. ಇಷ್ಟು ಒಳ್ಳೇ ಜಾಕ್ ಬೈಕಿನಲ್ಲೇ ಇರುವಾಗ ಪೈಪ್ ಬಿಚ್ಚುವುದು ಯಾಕೆ? ರಾತ್ರಿ ಬೆಣ್ಣೆಯಾಗಿದ್ದ ಲಿವರ್ ಆವಿ ತಣಿದ ಮೇಲೆ ಪುನಃ ಗಟ್ಟಿಯಾಗಿತ್ತು.

ಪ್ಯಾಡ್ ಇಲ್ಲದ ಕ್ಯಾಲಿಪರನ್ನು ಬಕೆಟಿನ ಮೇಲೆ ನೇತುಹಾಕಿ ಲಿವರ್ ಹಿಂಡುತ್ತಾ ಹೋದೆ. ಕೆಳಗಿನ ಪಿಸ್ಟನ್ ಬರತೊಡಗಿತು. ಮೇಲಿನದು ಕೂತಲ್ಲೇ. ಇದು ನಿರೀಕ್ಷಿಸಿದ್ದೇ, ಆಯಿಲ್ ಯಾವಾಗಲೂ ಸುಲಭದ ಕಡೆಗೇ ನೂಕುತ್ತದೆ. ಸುಲಭದ್ದು ಹೊರಗೆ ಬಿದ್ದರೆ ಕಥೆ ಮುಗಿಯಿತು, ಒತ್ತಡವೆಲ್ಲ ಆ ತೂತಿನಿಂದ ಹೋಗಿಬಿಡುತ್ತದೆ. ಹಾಗಾಗಿ ಬರುತ್ತಿರುವುದಕ್ಕೆ ಹಲಸಿನ ಮರದ ತುಂಡು ಅಡ್ಡ ಇಟ್ಟು ಜಿ ಕ್ಲ್ಯಾಂಪ್ ಬಿಗಿದೆ. ಈಗ ಲಿವರ್ ಹಿಂಡಿದರೆ ಕಲ್ಲು. ಹಿಂಡಿದಲ್ಲೇ ಹಳೇ ಟ್ಯೂಬಿನ ತುಂಡಿನಿಂದ ಲಿವರನ್ನು ಹ್ಯಾಂಡಲಿಗೆ ಕಟ್ಟಿ ಊಟಕ್ಕೆ ಹೋದೆ. ನಡುನಡುವೆ ಎದ್ದು ಬಂದು ಕುದಿಯುವ ನೀರು ಹೊಯ್ಯುವುದು, ಮರದ ಕೊಡತಿಯಲ್ಲಿ ಕ್ಯಾಲಿಪರಿನ ಬೆನ್ನು ತಟ್ಟುವುದು. ಆ ಅಲ್ಯೂಮಿನಿಯಂ ಪಾತ್ರೆಯನ್ನು ಅಮ್ಮ ಇನ್ನು ಅಡುಗೆ ಮನೆಗೆ ಸೇರಿಸುವುದಿಲ್ಲ ಅಂದಿದ್ದಾಳೆ. ಅದು ಈಗ ನನ್ನ ಟೂಲ್.

ಮಜ್ಜಿಗೆ ಕುಡಿಯುತ್ತಿದ್ದಾಗ ಶೆಡ್ಡಿನಿಂದ ಸದ್ದು ಕೇಳಿತು. ಹೋಗಿ ನೋಡಿದರೆ ಮೇಲಿನ ಪಿಸ್ಟನ್ ಎರಡು ಮಿಲಿಮೀಟರ್ ಹೊರಗೆ! ಅಲ್ಲಿಗೇ ಎಳೆಯಲು ಹೋಗಲಿಲ್ಲ. ಕ್ಲ್ಯಾಂಪಿನಲ್ಲಿ ವಾಪಸ್ ಒಳಗೆ ನೂಕಿದೆ, ಪುನಃ ಲಿವರಿನಲ್ಲಿ ಹೊರಗೆ ತಂದೆ. ಒಳಗೆ, ಹೊರಗೆ. ಪ್ರತಿ ಸಲ ಸ್ವಲ್ಪ ಜಾಸ್ತಿ. ಎರಡನ್ನೂ ಸಮವಾಗಿ ತುದಿಗೆ ತಂದು, ಆಮೇಲೆ ಕೈಯಲ್ಲಿ ತಿರುಗಿಸಿ ಎಳೆದೆ. ಬಕೆಟಿಗೆ ಕಂದು ಬಣ್ಣದ ಆಯಿಲ್ ಬಿತ್ತು. ಒಂದೆರಡು ಹನಿ ಟ್ಯಾಂಕಿಗೂ ಸಿಡಿದಿತ್ತು. ಬ್ರೇಕ್ ಆಯಿಲ್ ಪೇಂಟನ್ನು ತಿನ್ನುತ್ತದೆ, ಒರೆಸಿದರೆ ಇನ್ನೂ ಹರಡುತ್ತದೆ. ಚೊಂಬಿನಲ್ಲಿ ನೀರು ಇಟ್ಟುಕೊಂಡೇ ಇದ್ದೆ, ಹೊಯ್ದುಬಿಟ್ಟೆ.

ಸೀಲಿನ ಹಿಂದಿನ ಬಿಳಿ ಹಿಟ್ಟು

ಮೇಲಿನ ಪಿಸ್ಟನ್ನಿನ ಕ್ರೋಮ್ ಮೇಲೆ ಸಾಸಿವೆ ಕಾಳಿನಷ್ಟು ಗುಳಿಗಳು. ಬೆರಳಿನ ಉಗುರು ಸಿಕ್ಕುತ್ತಿತ್ತು. ಉಗುರು ಸಿಕ್ಕುವ ಗುಳಿ ಸೀಲ್ ಕೂರುವ ಜಾಗದಲ್ಲಿದ್ದರೆ ಉಜ್ಜಿ ಪ್ರಯೋಜನ ಇಲ್ಲ, ಹೊಸದೇ ಬೇಕು. ಕೆಳಗಿನದರಲ್ಲಿ ಬರೀ ಕಲೆ. ಅದನ್ನು 2000 ನಂಬರಿನ ವಾಟರ್ ಪೇಪರಿನಲ್ಲಿ ಉಳಿಸಬಹುದಿತ್ತು. ಆದರೂ ಎರಡೂ ತಂದೆ.

ಹೆಚ್ಚಿನವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಪಿಸ್ಟನ್ ತೊಳೆದು, ಹೊಸ ಸೀಲ್ ಹಾಕಿ, ಎರಡು ತಿಂಗಳಲ್ಲಿ ಮತ್ತೆ ಜಾಮ್. ಕಳ್ಳ ಇರುವುದು ಸೀಲಿನ ಹಿಂದೆ. ಡಿಸ್ಕ್ ಬ್ರೇಕಿನಲ್ಲಿ ಪಿಸ್ಟನ್ನನ್ನು ವಾಪಸ್ ಎಳೆಯಲು ಸ್ಪ್ರಿಂಗ್ ಇಲ್ಲ, ಗಮನಿಸಿದ್ದೀರಾ? ಆ ಕೆಲಸ ಮಾಡುವುದು ಚೌಕ ಅಂಚಿನ ರಬ್ಬರ್ ಸೀಲ್. ಬ್ರೇಕ್ ಹಿಡಿದಾಗ ಪಿಸ್ಟನ್ ಜೊತೆ ಅದರ ಅಂಚು ಸ್ವಲ್ಪ ಹೊರಳುತ್ತದೆ. ಬಿಟ್ಟಾಗ ತನ್ನ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನೂ ಕೂದಲಿನಷ್ಟು ಹಿಂದೆ ಎಳೆಯುತ್ತದೆ. ಪ್ಯಾಡ್ ಡಿಸ್ಕನ್ನು ಬಿಡುವುದು ಅಷ್ಟರಿಂದಲೇ. ಈ ಸೀಲ್ ಕೂರುವ ತೋಡಿನಲ್ಲಿ ಅಲ್ಯೂಮಿನಿಯಂ ತುಕ್ಕಿನ ಬಿಳಿ ಹಿಟ್ಟು ಬೆಳೆದರೆ ಅದು ಹಿಂದಿನಿಂದ ಸೀಲನ್ನು ಪಿಸ್ಟನ್ನಿಗೆ ಒತ್ತುತ್ತದೆ. ಹೊರಳಲು ಜಾಗ ಇಲ್ಲದ ಸೀಲ್ ಹಿಡಿತದ ಬಳೆ ಆಗುತ್ತದೆ.

ನನ್ನದರಲ್ಲಿ ಅದು ಹಿಟ್ಟಲ್ಲ, ಸುಣ್ಣದ ಗಾರೆ. ಉಕ್ಕಿನ ಸೂಜಿಯಲ್ಲಿ ಕೆರೆದರೆ ತೋಡಿಗೇ ಗೀರು ಬೀಳುತ್ತದೆ. ಹಿಡಿಸೂಡಿಯಿಂದ ಬಲಿತ ತೆಂಗಿನ ಕಡ್ಡಿ ಎಳೆದು, ತುದಿಯನ್ನು ಉಳಿಯ ಹಾಗೆ ಓರೆಯಾಗಿ ಕತ್ತರಿಸಿದೆ. ಬಿಸಿ ನೀರು ಹಾಕಿ ನೆನೆಸುವುದು, ಕಡ್ಡಿ ಓಡಿಸುವುದು, ತುದಿ ಮೊಂಡಾದರೆ ಹೊಸ ಕಡ್ಡಿ. ಹಠ ಹಿಡಿದಲ್ಲಿ ಮಾತ್ರ ಬಾಗಿಸಿದ ಹಿತ್ತಾಳೆ ತಂತಿ. ಪಿಸ್ಟನ್ನಿಗೆ ಎರಡರಂತೆ ನಾಲ್ಕು ತೋಡು, ಒಂದೂವರೆ ಗಂಟೆ, ಹದಿನೇಳು ಕಡ್ಡಿ. ಕೊನೆಗೆ ಕಿರುಬೆರಳಿಗೆ ಒರಟು ಎಲ್ಲೂ ಸಿಗಲಿಲ್ಲ.

ಜಾರುವ ಪಿನ್, ಮತ್ತು ಹಳದಿ ಡಬ್ಬ

ಭಾನುವಾರ ಬೆಳಗ್ಗೆಗೆ ಉಳಿದದ್ದು ಕ್ಯಾಲಿಪರ್ ಮತ್ತು ಅದನ್ನು ಫೋರ್ಕಿಗೆ ಹಿಡಿಯುವ ಬ್ರ್ಯಾಕೆಟ್ ಬೇರೆ ಮಾಡುವುದು. ಎರಡು ಪಿನ್ನಿನಲ್ಲಿ ಒಂದು ನುಣ್ಣಗೆ ಜಾರುತ್ತಿತ್ತು. ಇನ್ನೊಂದು, ರಬ್ಬರ್ ಬುಷ್ ಇರುವ ಕಡೆಯದು, ಹಿಡಿದಿತ್ತು. ನೇರ ಎಳೆದರೆ ಆಗದು, ಯಾಕಂದರೆ ಎರಡೂ ಒಟ್ಟಿಗೆ ಬರಬೇಕು. ಉಪಾಯ ಇದು. ನುಣ್ಣಗೆ ಜಾರುತ್ತಿದ್ದ ಪಿನ್ನನ್ನು ಬ್ರ್ಯಾಕೆಟಿನಿಂದ ಸ್ಪ್ಯಾನರ್ ಹಾಕಿ ಬಿಚ್ಚಿಬಿಟ್ಟೆ. ಈಗ ಕ್ಯಾಲಿಪರ್ ಉಳಿದ ಒಂದು ಪಿನ್ನಿನ ಮೇಲೆ ಗೇಟಿನ ಹಾಗೆ ತಿರುಗಬಹುದು. ಬ್ರ್ಯಾಕೆಟನ್ನು ವೈಸಿನಲ್ಲಿ ಹಿಡಿದು, ಸಂದಿಗೆ ಎಣ್ಣೆ ಬಿಟ್ಟು, ಗೇಟ್ ತೆಗೆದು ಹಾಕಿ ಮಾಡುತ್ತಾ ಎಳೆದೆ. ಮೊದಲು ಒಂದು ಇಂಚು ತಿರುಗಿತು. ಆಮೇಲೆ ಕಾಲು ಸುತ್ತು. ಆಮೇಲೆ ಬಾಟಲಿಯ ಬಿರಡೆಯ ಹಾಗೆ ಪೊಕ್ಕನೆ ಬಂತು.

ಪಿನ್ನಿನ ಮೇಲೆ ಡಾಂಬರಿನಂಥ ಕಪ್ಪು ಗ್ರೀಸು, ಅದರಡಿ ಕಂದು ತುಕ್ಕು. ರಬ್ಬರ್ ಬುಷ್ ಉಬ್ಬಿ ಮೆತ್ತಗಾಗಿ, ನೆನೆಸಿಟ್ಟ ಅವರೆಕಾಳಿನ ಹಾಗೆ ಇತ್ತು. ಅದರ ನಡುವಿನ ತೂತು ಕುಗ್ಗಿ ಪಿನ್ನನ್ನು ಕಚ್ಚಿತ್ತು. ಇದು ಉಪ್ಪುಗಾಳಿಯ ಕೆಲಸ ಅಲ್ಲ. ಕಪಾಟಿನ ಮೇಲಿದ್ದ ಹಳದಿ ಡಬ್ಬದ ಕಡೆ ಕಣ್ಣು ಹೋಯಿತು. ಮೂರು ವರ್ಷದ ಹಿಂದೆ ಪ್ಯಾಡ್ ಬದಲಿಸುವಾಗ, ಒಣಗಿದೆಯಲ್ಲ ಅಂತ ಆ ಡಬ್ಬದ ಮಾಮೂಲಿ ಗ್ರೀಸನ್ನು ಈ ಪಿನ್ನಿಗೆ ಕೈತುಂಬ ಬಳಿದವನು ನಾನೇ. ಬ್ರೇಕಿನ ರಬ್ಬರ್ ಸಾಮಾನ್ಯವಾಗಿ ಇಪಿಡಿಎಂ ಅನ್ನುವ ಜಾತಿಯದು. ಅದಕ್ಕೆ ಬ್ರೇಕ್ ಆಯಿಲ್ ಆಗುತ್ತದೆ, ಪೆಟ್ರೋಲಿಯಂ ಎಣ್ಣೆ ಯಾವುದೂ ಆಗಿಬರುವುದಿಲ್ಲ. ಪೆಟ್ರೋಲ್, ಸೀಮೆಎಣ್ಣೆ, ಇಂಜಿನ್ ಆಯಿಲ್, ಮಾಮೂಲಿ ಗ್ರೀಸು, ಯಾವುದು ತಾಗಿದರೂ ಹೀರಿಕೊಂಡು ಉಬ್ಬುತ್ತದೆ. ಅಣ್ಣನಿಗೆ ತೋರಿಸಿದೆ. ಬುಷ್ಷನ್ನು ಹಿಸುಕಿ ನೋಡಿ, "ಉಪ್ಪಿಗೆ ಬೈದದ್ದು ಲಾಸ್" ಅಂದು ನಕ್ಕರು.

ಉಪ್ಪನ್ನು ಪೂರ್ತಿ ಬಿಡುವ ಹಾಗೂ ಇಲ್ಲ, ಬಿಡಿ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ, ಹೈವೇ ತುಂಬ ಮೀನಿನ ಲಾರಿಯಿಂದ ಸುರಿಯುವ ಐಸು ನೀರು. ಮೀನು ಲಾರಿಯ ಹಿಂದೆ ಹೋಗುವ ಬೈಕಿಗೆ ದಿನಾ ಉಪ್ಪಿನ ಸ್ನಾನ. ಪ್ಯಾಡ್ ಪಿನ್ನೂ ಪಿಸ್ಟನ್ನೂ ಅದರ ಲೆಕ್ಕಕ್ಕೆ. ಬುಷ್ ನನ್ನ ಲೆಕ್ಕಕ್ಕೆ.

ವಾಪಸ್ ಜೋಡಿಸುವುದು

ಸಾಮಾನು ಶನಿವಾರ ಸಂಜೆಯೇ ತಂದಿದ್ದೆ. ಸೀಲ್ ಕಿಟ್ 260, ಪಿಸ್ಟನ್ ಎರಡಕ್ಕೆ 420, ಪ್ಯಾಡ್ 340, ಪಿನ್ನು ಬುಷ್ಷು ಸೇರಿ 180, ಡಾಟ್ 4 ಆಯಿಲ್ 140, ತಾಮ್ರದ ವಾಷರ್ ಎರಡು 20. ಒಟ್ಟು 1,360. ಮಾಸ್ಟರ್ ಸಿಲಿಂಡರಿನ ಮುಚ್ಚಳದ ಮೇಲೆ ಯಾವ ಆಯಿಲ್ ಅಂತ ಬರೆದಿರುತ್ತದೆ, ಅದನ್ನೇ ಹಾಕಬೇಕು. ಡಾಟ್ 5 ಅಂತ ಇನ್ನೊಂದು ಉಂಟು, ಅದು ಸಿಲಿಕೋನ್, 3, 4ರ ಜೊತೆ ಬೆರೆಸಬಾರದು.

ಜೋಡಿಸುವುದರಲ್ಲಿ ದೊಡ್ಡ ಕಥೆ ಇಲ್ಲ. ಸೀಲನ್ನೂ ಪಿಸ್ಟನ್ನನ್ನೂ ಹೊಸ ಬ್ರೇಕ್ ಆಯಿಲಿನಲ್ಲಿ ಅದ್ದಿ, ಪಿಸ್ಟನ್ನನ್ನು ನೇರ ಹಿಡಿದು ಹೆಬ್ಬೆರಳಲ್ಲಿ ಒತ್ತಿದರೆ ಹೋಗಬೇಕು. ಸುತ್ತಿಗೆ ಬೇಕು ಅನಿಸಿದರೆ ಪಿಸ್ಟನ್ ಓರೆಯಾಗಿದೆ ಅಂತ ಅರ್ಥ. ಜಾರುವ ಪಿನ್ನಿಗೆ ಈ ಸಲ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್, ಅದೂ ತೆಳ್ಳಗೆ. ಬ್ರೇಕ್ ಪೈಪನ್ನು ಕ್ಯಾಲಿಪರಿಗೆ ಹಿಡಿಯುವ ಬ್ಯಾಂಜೋ ಬೋಲ್ಟಿನಲ್ಲಿ, ಪೈಪಿನ ತುದಿಯ ಎರಡೂ ಬದಿಗೆ ಹೊಸ ತಾಮ್ರದ ವಾಷರ್. ಪ್ಯಾಡ್ ಪಿನ್ನಿನ ಥ್ರೆಡ್ಡಿಗೆ, ಮತ್ತೆ ಹಿಡಿದು ಅಂಟಿಕೊಳ್ಳದ ಹಾಗೆ ಹಚ್ಚುವ ಪೇಸ್ಟ್ ಒಂದು ಚಿಟಿಕೆ.

ಖಾಲಿ ಕ್ಯಾಲಿಪರಿನಿಂದ ಗಾಳಿ ತೆಗೆಯುವುದು ಮೇಲಿನಿಂದ ಹಿಂಡಿ ಹಿಂಡಿ ಮಾಡಿದರೆ ಕೈ ಸೋಲುತ್ತದೆ. ಗುಳ್ಳೆ ಮೇಲಕ್ಕೆ ಏಳುವಂಥದ್ದು, ಅದನ್ನು ಕೆಳಗೆ ನೂಕುವುದು ಯಾಕೆ? ಮೆಡಿಕಲ್ ಶಾಪಿನ 50 ಎಂಎಲ್ ಸಿರಿಂಜಿನಲ್ಲಿ ಹೊಸ ಆಯಿಲ್ ತುಂಬಿ, ಬ್ಲೀಡ್ ನಿಪ್ಪಲ್ಲಿನಿಂದ ನಿಧಾನಕ್ಕೆ ಮೇಲಕ್ಕೆ ಒತ್ತಿದೆ. ಡಬ್ಬದಲ್ಲಿ ಬುಳುಬುಳು ಅಂತ ಗುಳ್ಳೆ ಎದ್ದವು. ಡಬ್ಬ ತುಂಬಿ ಚೆಲ್ಲದ ಹಾಗೆ ಒಬ್ಬರು ನೋಡುತ್ತಿರಬೇಕು. ಆ ಕೆಲಸಕ್ಕೆ ಅಮ್ಮನನ್ನು ನಿಲ್ಲಿಸಿದ್ದೆ, "ಸಾಕು, ಸಾಕು" ಅಂತ ಎರಡು ಸಲ ಕೂಗಿದಳು. ಆಮೇಲೆ ಮಾಮೂಲಿ ಕ್ರಮದಲ್ಲಿ ಲಿವರ್ ಹಿಂಡಿ ಹಿಡಿ, ನಿಪ್ಪಲ್ ಬಿಚ್ಚು, ಬಿಗಿ ಮಾಡು, ಲಿವರ್ ಬಿಡು ಅಂತ ಹತ್ತು ಸಲ. ಲಿವರ್ ಇನ್ನೂ ಕೊಂಚ ಮೆತ್ತಗೆ ಇತ್ತು. ಪುನಃ ಟ್ಯೂಬಿನ ತುಂಡಿನಿಂದ ಕಟ್ಟಿ ರಾತ್ರಿ ಬಿಟ್ಟೆ. ಮುಂದಿನ ಚಕ್ರದ ಅಡಿಗೆ ಹಳೇ ಪೇಪರ್ ಹಾಸಿದೆ, ಎಲ್ಲಾದರೂ ಸೋರಿದರೆ ಗೊತ್ತಾಗಲಿ ಅಂತ.

ಸೋಮವಾರ ಬೆಳಗ್ಗೆ ಅರ್ಧ ದಿನ ರಜೆ ಹಾಕಿದೆ. ಲಿವರ್ ಗಟ್ಟಿ. ಅಕ್ಕಿ ಮೂಟೆ ಇನ್ನೂ ಸೀಟಿನ ಮೇಲೇ ಇತ್ತು, ಚಕ್ರ ತಿರುಗಿಸಿದೆ. ಪ್ಯಾಡ್ ಸಣ್ಣಗೆ ಸವರುವ ಸದ್ದು ಬಿಟ್ಟರೆ ಏನಿಲ್ಲ, ನಾಲ್ಕು ಸುತ್ತು ಹೋಗಿ ನಿಂತಿತು. ಮನೆ ಎದುರಿನ ರಸ್ತೆಯಲ್ಲಿ ನಲವತ್ತರಿಂದ ಹತ್ತಕ್ಕೆ ಇಳಿಸುವ ಹಾಗೆ ಮೆಲ್ಲಗೆ ಬ್ರೇಕ್ ಹಿಡಿಯುತ್ತಾ ಇಪ್ಪತ್ತೈದು ಸಲ ಓಡಾಡಿ ಪ್ಯಾಡ್ ಕೂರಿಸಿದೆ. ಆಮೇಲೆ ಹೆಮ್ಮಾಡಿಗೆ ಹೋಗಿ ಅದೇ ಅಂಗಡಿಯ ಎದುರು ನಿಲ್ಲಿಸಿ, ಚೊಂಬಿನಿಂದ ಡಿಸ್ಕಿಗೆ ನಾಲ್ಕು ಹನಿ ಚಿಮುಕಿಸಿದೆ. ಹನಿ ಸದ್ದಿಲ್ಲದೆ ಜಾರಿ ನೆಲಕ್ಕೆ ಬಿತ್ತು.

ಮನೆಗೆ ಬಂದು ಶೆಡ್ಡಿನ ಪೇಪರ್ ಎತ್ತಿ ಬೆಳಕಿಗೆ ಹಿಡಿದೆ. ಆಯಿಲಿನ ಕಲೆ ಒಂದೂ ಇರಲಿಲ್ಲ. ಹಲ್ಲಿಯ ಹಿಕ್ಕೆ ಎರಡು ಇತ್ತು.